ಗಾಡಿ ಕುಡಿದ ನೀರು

ಇಂಜಿನ್ನಿನ ಕಾವು ತೋರಿಸುವ ಮುಳ್ಳು ಕೆಂಪು ಗೆರೆಯ ಹತ್ತಿರ ಬಂದದ್ದೇ ತಡ, ಬಾಳಕೃಷ್ಣ ಹೀಟರಿನ ಗುಂಡಿಯನ್ನು ಪೂರ್ತಿ ಹೊರಗೆಳೆದ. ಏಪ್ರಿಲ್ ತಿಂಗಳ ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗಿತ್ತು. ಅಂಥ ಹೊತ್ತಿನಲ್ಲಿ ಕಾರಿನೊಳಗೆ ಹೀಟರ್ ಹಾಕುವವನನ್ನು ಕಂಡರೆ ಯಾರಾದರೂ ಇವನ ತಲೆ ನೆಟ್ಟಗಿಲ್ಲ ಎನ್ನುತ್ತಿದ್ದರು. ಆದರೆ ಹಳೆಯ ಫಿಯಟ್ ಇಟ್ಟುಕೊಂಡವರಿಗೆ ಈ ಉಪಾಯ ಗೊತ್ತು. ಇಂಜಿನ್ನಿನ ಕುದಿಯುವ ನೀರಿನಲ್ಲಿ ಒಂದಿಷ್ಟು ಹೀಟರಿನ ಡಬ್ಬಿಗೆ ಹೊರಳುತ್ತದೆ, ಒಳಗಿನ ಸಣ್ಣ ಫ್ಯಾನು ಆ ಕಾವನ್ನು ಕೂತವರ ಕಾಲ ಮೇಲೆ ಊದುತ್ತದೆ, ಇಂಜಿನ್ನಿಗೆ ಅಷ್ಟರಮಟ್ಟಿಗೆ ಉಸಿರು ಬರುತ್ತದೆ. ಗಾಡಿ ತನ್ನ ಜ್ವರವನ್ನು ಮನುಷ್ಯರಿಗೆ ಹಂಚಿ ತಾನು ಸುಧಾರಿಸಿಕೊಳ್ಳುತ್ತದೆ ಎಂದಿಟ್ಟುಕೊಳ್ಳಿ.

ಪಕ್ಕದಲ್ಲಿ ಕೂತಿದ್ದ ತಾರಾಬಾಯಿ ಕಾಲು ಮೇಲೆತ್ತಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿದಳು. "ಬಾಳ್ಯಾ, ಥಂಡಿ ದಿನದಾಗ ಇದನ್ನ ಹಾಕೋ ಅಂದ್ರ ಕೆಟ್ಟದ ಅಂತಿದ್ದಿ. ಈಗ ಹ್ಯಾಂಗ ನೆಟ್ಟಗಾತು?"

ಅವನು ನಕ್ಕ. ಮುಂದೆ ಟ್ರ್ಯಾಕ್ಟರು, ಅದರ ಮುಂದೆ ಮಹಾರಾಷ್ಟ್ರದ ಬಸ್ಸು, ಅದರಾಚೆ ಕಣ್ಣು ಹಾಯುವಷ್ಟು ದೂರ ಕ್ರೂಸರುಗಳ ಬೆನ್ನು. ದವನದ ಹುಣ್ಣಿಮೆ ಹತ್ತಿರ ಬಂದಿತ್ತು. ಎಲ್ಲಮ್ಮನ ಗುಡ್ಡಕ್ಕೆ ಹೊರಟವರೆಲ್ಲ ಸವದತ್ತಿಯ ಹೊರಗಿನ ಆ ಒಂದೇ ರಸ್ತೆಗೆ ಬಂದು ಸೇರಿದ್ದರು. ಟ್ರ್ಯಾಕ್ಟರಿನಲ್ಲಿದ್ದವರು ಹಣೆತುಂಬ ದೇವಿಯ ಭಂಡಾರದ ಅರಿಸಿನ ಬಳಿದುಕೊಂಡು ಆಗಾಗ "ಉಧೋ ಉಧೋ" ಎನ್ನುತ್ತಿದ್ದರು. ಅವರಿಗೆ ಅವಸರವಿರಲಿಲ್ಲ. ಬಾಳಕೃಷ್ಣನಿಗೆ ಮಾತ್ರ ಸಂಜೆಯೊಳಗೆ ರಾಮದುರ್ಗ ಮುಟ್ಟಬೇಕಿತ್ತು. ಮರುದಿನ ಅಲ್ಲಿ ಅವನ ತಂಗಿಯ ಮೊಮ್ಮಗನ ಮುಂಜಿ. ವಟುವನ್ನು ಇದೇ ಫಿಯಟ್ಟಿನಲ್ಲಿ ಕೂಡಿಸಿ ಓಣಿಯಲ್ಲಿ ಮೆರೆಸುವುದೆಂದು ಅವನೇ ತಿಂಗಳ ಹಿಂದಿನಿಂದ ಎಲ್ಲರಿಗೂ ಸಾರಿಕೊಂಡು ಬಂದಿದ್ದ.

ತಾರಾಬಾಯಿ ಅವನ ಅತ್ಯಾ, ತಂದೆಯ ತಂಗಿ. ಎಂಬತ್ತರ ಅಂಚಿನ ಜೀವ. ಗಂಡ ಬಲು ಬೇಗ ತೀರಿಕೊಂಡ ಮೇಲೆ ಬೈಲಹೊಂಗಲದ ತವರಿಗೆ ಬಂದವಳು ಅಲ್ಲಿಯೇ ಉಳಿದಳು; ಬಾಳಕೃಷ್ಣ ಆಕೆಯ ಸೆರಗು ಹಿಡಿದೇ ದೊಡ್ಡವನಾದ. ಬಾಯಿ ಭಾಳ ಜೋರು. ಅತ್ಯಾ ಸುಮ್ಮನೆ ಕೂತಿದ್ದಾಳೆಂದರೆ ಮನೆಯವರು ಹಣೆ ಮುಟ್ಟಿ ನೋಡುತ್ತಿದ್ದರು.

ಆಕೆಯದು ಒಂದೇ ಒಂದು ಹಟ, ಅದು ನೀರಿನದು. ಊಟ ತಿಂಡಿಯಲ್ಲಿ ವಯಸ್ಸಾದಂತೆ ಎಷ್ಟೋ ಸಡಿಲಾಗಿದ್ದಳು. ನೀರು ಮಾತ್ರ ತಾನೇ ಮಡಿಯಲ್ಲಿ ಭಾವಿಯಿಂದ ಸೇದಿದ್ದೇ ಆಗಬೇಕು. ವಿಧವೆಯಾದ ವರ್ಷ ದೇವರ ಮುಂದೆ ಹಾಗೆಂದು ಸಂಕಲ್ಪ ಮಾಡಿದ್ದಳು, ಅಂದಿನಿಂದ ತಪ್ಪಿಸಿರಲಿಲ್ಲ. ಬಾಳಕೃಷ್ಣನ ಹೆಂಡತಿ ಉಮಾಶ್ರೀ ಮಿಂದು ಒದ್ದೆ ಸೀರೆಯಲ್ಲಿ ತಂದುಕೊಟ್ಟರೂ ಮುಟ್ಟುತ್ತಿರಲಿಲ್ಲ. ಇದರಲ್ಲಿ ಅವರು ಮೇಲು ಇವರು ಕೀಳು ಅನ್ನುವ ಮಾತಿಲ್ಲ, ದೇವರಿಗೆ ಕೊಟ್ಟ ಮಾತು ಅಷ್ಟೇ ಎನ್ನುತ್ತಿದ್ದಳು. ಊರಿಗೆ ಹೊರಟರೆ ತಿರುಪಿನ ಮುಚ್ಚಳದ ತಾಮ್ರದ ತಂಬಿಗೆ ಜೊತೆಗೆ ಬರುತ್ತಿತ್ತು. ಉಣ್ಣೆಗೆ ಮೈಲಿಗೆ ತಟ್ಟುವುದಿಲ್ಲವೆಂದು ಅದನ್ನು ಹಳೆಯ ಧಾಬಳಿಯ ತುಂಡಿನಲ್ಲಿ ಸುತ್ತಿಡುತ್ತಿದ್ದಳು. ಫಿಯಟ್ಟಿನ ಮುಂದಿನ ಸೀಟು ಬೆಂಚಿನ ಹಾಗೆ ಒಂದೇ ಉದ್ದದ್ದು. ನಡುವೆ ಇಟ್ಟರೆ ಬಾಳಕೃಷ್ಣನ ತೊಡೆ ತಾಕೀತೆಂದು ತಂಬಿಗೆಯನ್ನು ಬಾಗಿಲ ಕಡೆಗೆ, ತನ್ನ ಮಗ್ಗುಲಿಗೆ ಒತ್ತಿಟ್ಟುಕೊಂಡು ಕೂಡುತ್ತಿದ್ದಳು.

ಬಾಳಕೃಷ್ಣನಿಗೆ ಇದೆಲ್ಲ ನಗೆಯ ಮಾತು. ಅವನ ಅಜ್ಜ ಪುರಾಣ ಹೇಳುತ್ತಿದ್ದ, ತಂದೆ ಸಂಸ್ಕೃತ ಕಲಿಸುತ್ತಿದ್ದ, ಇವನು ಬಜಾರಿನಲ್ಲಿ ಔಷಧದ ಅಂಗಡಿ ಇಟ್ಟಿದ್ದ. ಗ್ಯಾರೇಜಿನ ಬುಡನಸಾಬನ ಜೊತೆ ಒಂದೇ ಬಶಿಯಲ್ಲಿ ಚಹಾ ಕುಡಿದು ಬೆಳೆದವನು. "ಅತ್ಯಾ, ನೀರಿಗೆ ಏನು ಗೊತ್ತ ಯಾರು ಸೇದಿದ್ರು ಅಂತ?" ಎಂದು ಕೆಣಕಿದರೆ, "ನೀರಿಗೆ ಗೊತ್ತಿರೂದಿಲ್ಲ, ನನಗ ಗೊತ್ತಿರ್ತದ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಆ ಬುಡನಸಾಬ ಹೊರಡುವ ಮುನ್ನವೇ ಎಚ್ಚರಿಸಿದ್ದ. ರೇಡಿಯೇಟರಿನಲ್ಲಿ ಭಾವಿಯ ಸವಳುನೀರಿನ ಉಪ್ಪು ಕಟ್ಟಿದೆ, ಬಿಚ್ಚಿ ತೊಳೆಯುವತನಕ ದೂರದ ದಾರಿ ಬೇಡ ಎಂದಿದ್ದ. ಮಗ ಕೌಶಿಕನೂ ತನ್ನ ಎ.ಸಿ. ಕಾರಿನಲ್ಲಿ ಎಲ್ಲರೂ ಕೂಡಿ ಹೋಗೋಣ ಎಂದಿದ್ದ. ಬಾಳಕೃಷ್ಣ ಒಪ್ಪಲಿಲ್ಲ. ತಂದೆ ಕೊಂಡ ಗಾಡಿ, ತಂದೆಯ ಮಗಳ ಮನೆಯ ಕಾರ್ಯಕ್ಕೆ ಹೋಗದಿದ್ದರೆ ಹೇಗೆ? ಒಬ್ಬನೇ ಹೋಗಲು ಮಾತ್ರ ಮನಸ್ಸಾಗಲಿಲ್ಲ. ಅತ್ಯಾಗೆ ಎ.ಸಿ. ಒಗ್ಗುವುದಿಲ್ಲ, ಆಕೆ ನನ್ನ ಜೊತೆಗೇ ಬರುತ್ತಾಳೆ ಎಂದುಬಿಟ್ಟ. ಒಗ್ಗುವುದಿಲ್ಲ ಎಂದು ಅತ್ಯಾ ಎಂದೂ ಹೇಳಿದ್ದಿಲ್ಲ. ಆದರೂ ಆಕೆ ಮರುಮಾತಾಡದೆ ತಂಬಿಗೆ ಎತ್ತಿಕೊಂಡು ಫಿಯಟ್ ಹತ್ತಿದಳು. ಡಿಕ್ಕಿಯಲ್ಲಿ ಯಾವಾಗಲೂ ಇರುತ್ತಿದ್ದ ನೀರಿನ ಕ್ಯಾನು ಆ ದಿನ ಮನೆಯ ಕಟ್ಟೆಯ ಮೇಲೆ ಉಳಿಯಿತು, ಏಕೆಂದರೆ ಮುಂಜಿಗೆ ಕೊಡುವ ಹಿತ್ತಾಳೆಯ ಪಾತ್ರೆಗಳಿಗೆ ಜಾಗ ಬೇಕಿತ್ತು.

ಹೀಟರಿಗೂ ಮುಳ್ಳು ಇಳಿಯಲಿಲ್ಲ. ಬಾನೆಟ್ಟಿನ ಸಂದಿಯಿಂದ ಸಣ್ಣಗೆ ಹಬೆ ಎದ್ದಿತು. ಬಾಳಕೃಷ್ಣ ಗಾಡಿಯನ್ನು ರಸ್ತೆಯ ಬದಿಗೆ ಇಳಿಸಿ ಬಂದ್ ಮಾಡಿದ. ಹತ್ತಿರದಲ್ಲೊಂದು ಬೇವಿನ ಮರವಿತ್ತು. ಅತ್ಯಾನನ್ನು ಕೈಹಿಡಿದು ಅದರ ನೆರಳಿಗೆ ಕೂಡಿಸಿ ಬಂದು ಬಾನೆಟ್ ಎತ್ತಿದ. ಅವನಿಗೆ ಈ ಗಾಡಿಯ ನಾಡಿ ಗೊತ್ತು. ಕಾದ ಇಂಜಿನ್ನಿಗೆ ಒಮ್ಮೆಲೇ ತಣ್ಣೀರು ಹೊಯ್ದರೆ ಅದರ ಹೆಡ್ಡು ಬಿರುಕು ಬಿಡುತ್ತದೆ; ತಾಳ್ಮೆಯಿಂದ ಕಾಯಬೇಕು, ಆಮೇಲೆ ಗಾಡಿ ಚಾಲೂ ಇಟ್ಟು ಎಳೆಗೂಸಿಗೆ ಹಾಲು ಕುಡಿಸಿದ ಹಾಗೆ ಸ್ವಲ್ಪ ಸ್ವಲ್ಪ ಹೊಯ್ಯಬೇಕು. ಇಂಜಿನ್ನಿಗೆ ಪೆಟ್ರೋಲ್ ಒತ್ತುವ ಪಂಪು ಕಾದು ಗಾಳಿ ಹಿಡಿಯದಂತೆ ಅದಕ್ಕೊಂದು ಒದ್ದೆ ಅರಿವೆ ಸುತ್ತಬೇಕು. ಅವನು ಕಾದ. ತನ್ನ ಕುಡಿಯುವ ಬಾಟಲಿಯ ನೀರನ್ನೆಲ್ಲ ಹೊಯ್ದ. ಅದು ರೇಡಿಯೇಟರಿನ ಗಂಟಲಿಗೂ ಸಾಲಲಿಲ್ಲ.

ಅಷ್ಟರಲ್ಲಿ ಮುಂದೆ ರಸ್ತೆ ಕದಲಿದ ಗದ್ದಲ ಎದ್ದಿತು. ಬಸ್ಸು ಹೊರಟಿತು, ಹಿಂದಿನವರು ಹಾರ್ನ್ ಒತ್ತತೊಡಗಿದರು. ಆ ಟ್ರ್ಯಾಕ್ಟರಿನಲ್ಲಿ ನೀರಿನ ಡ್ರಮ್ಮೇ ಇತ್ತು. ಓಡಿ ಕೇಳಿದ್ದರೆ ಭಕ್ತರು ಇಲ್ಲವೆನ್ನುತ್ತಿರಲಿಲ್ಲ. ಆದರೆ ಈಗ ಹೊರಡದಿದ್ದರೆ ಮತ್ತೆ ಇಲ್ಲಿಯೇ ಸಂಜೆ ಎಂಬ ದಿಗಿಲು ಅವನನ್ನು ಹಿಡಿದಿತ್ತು. ತೆರೆದ ಬಾಗಿಲಿನೊಳಗೆ, ಸೀಟಿನ ಮೇಲೆ, ಧಾಬಳಿಯಲ್ಲಿ ಸುತ್ತಿದ ತಂಬಿಗೆ ಕಂಡಿತು. ಬೇವಿನ ಬುಡದಲ್ಲಿ ಅತ್ಯಾ ಕಣ್ಣು ಮುಚ್ಚಿ ಕೂತಿದ್ದಳು. ಆಕೆಗೆ ಬೇರೆ ನೀರು ಕೊಂಡು ತಂದರಾಯಿತು ಎಂದು ಅವನ ಮನಸ್ಸು ಹೇಳಿತು. ಬೇರೆ ನೀರು ಆಕೆ ಕುಡಿಯುವುದಿಲ್ಲ ಎಂಬುದು ಅದೇ ಮನಸ್ಸಿಗೆ ಚೆನ್ನಾಗಿ ಗೊತ್ತಿತ್ತು. ಧಾಬಳಿ ಬಿಚ್ಚಿ ಬದಿಗಿಟ್ಟ, ತಿರುಪು ತಿರುವಿದ, ಒಂದು ಹನಿಯೂ ಹೊರಗೆ ಚೆಲ್ಲದಂತೆ ನಿಧಾನವಾಗಿ ಗಾಡಿಗೆ ಕುಡಿಸಿದ. ತಳದಲ್ಲಿ ಉಳಿದದ್ದರಿಂದ ತನ್ನ ಕರವಸ್ತ್ರ ತೋಯಿಸಿ ಪಂಪಿಗೆ ಸುತ್ತಿದ. ಬರಿದಾದ ತಂಬಿಗೆಯನ್ನು ಮೊದಲಿದ್ದ ಹಾಗೆಯೇ ಸುತ್ತಿ ಮೊದಲಿದ್ದಲ್ಲಿಯೇ ಇಟ್ಟು, ಅತ್ಯಾನನ್ನು ಕರೆತಂದು ಕೂಡಿಸಿ ಹೊರಟ.

ಇಷ್ಟು ಮಾಡಿದ್ದಕ್ಕೆ ಸಿಕ್ಕಿದ್ದು ಎರಡು ಹೊಲದಷ್ಟು ದಾರಿ. ಅಲ್ಲಿ ಮತ್ತೆ ಎಲ್ಲ ನಿಂತಿತು, ಈ ಸಲ ಮರವೂ ಇರಲಿಲ್ಲ. ಅವನು ಮತ್ತೆ ಹೀಟರ್ ಎಳೆದ.

ಸ್ವಲ್ಪ ಹೊತ್ತಿಗೆ ತಾರಾಬಾಯಿ ತಂಬಿಗೆಗೆ ಕೈ ಹಾಕಿದಳು. ಎತ್ತಿದ ಕೂಡಲೇ ಅದರ ತೂಕ ಆಕೆಗೆ ತಿಳಿಯಿತು. ಬಾಳಕೃಷ್ಣ ರಸ್ತೆಯನ್ನೇ ನೋಡುತ್ತ, ಗಾಡಿ ಬದಿಗೆ ಇಳಿಯುವಾಗ ಉರುಳಿ ಚೆಲ್ಲಿತೆಂದು ಕಾಣುತ್ತದೆ, ಮುಚ್ಚಳ ಸಡಿಲಿತ್ತೇನೋ ಎಂದ. ತಾರಾಬಾಯಿ ಸುತ್ತಿದ ಧಾಬಳಿಯ ಮೇಲೆ ಅಂಗೈ ಆಡಿಸಿದಳು. ಅದು ಗರಿಗರಿ ಒಣಗಿತ್ತು. ಕಾಲಡಿಯ ಚಾಪೆಯೂ ಒಣಗಿತ್ತು.

"ಹೋಗ್ಲಿ ಬಿಡು," ಎಂದಳು ಆಕೆ. "ರಾಮದುರ್ಗ ಏನ್ ಕಾಶಿ ಆತೇನು? ಮುಟ್ಟಿದ ಮ್ಯಾಲೆ ಮಿಂದು ಕುಡದರಾತು."

ನೀರಿನ ಬಾಟಲಿ ಮಾರುವವನೊಬ್ಬ ಕಿಟಕಿಗೆ ಬಂದ. ಬಾಳಕೃಷ್ಣ ಕೊಂಡು ಅತ್ಯಾನ ಕಡೆ ಚಾಚಿದ. ಆಕೆ ಬೇಡವೆಂದು ತಲೆ ಅಲ್ಲಾಡಿಸಿ, ಮುಖಕ್ಕೆ ಮಾತ್ರ ಒಂದಿಷ್ಟು ಚಿಮುಕಿಸಿಕೊಂಡಳು. ಉಳಿದದ್ದನ್ನು ಅವನು ಇಳಿದು ಹೋಗಿ ಪಂಪಿನ ಕರವಸ್ತ್ರಕ್ಕೆ ಹೊಯ್ದ. ಅಷ್ಟರಲ್ಲಿ ಕೌಶಿಕನ ಫೋನು ಬಂತು. ಅವರು ಬೆಳಿಗ್ಗೆಯೇ ಹೊರಟು ರಾಮದುರ್ಗದಲ್ಲಿ ಊಟಕ್ಕೆ ಕೂತಿದ್ದರು. ಏನಾದರೂ ತೊಂದರೆ ಇದ್ದರೆ ಗುಡ್ಡದ ಆ ಕಡೆಯಿಂದ ಬೈಕ್ ತರುತ್ತೇನೆ, ಅಜ್ಜಿಯನ್ನು ಕರೆದೊಯ್ಯುತ್ತೇನೆ ಎಂದ ಮಗ. ಏನೂ ತೊಂದರೆ ಇಲ್ಲ, ಗಾಡಿ ಹೂವಿನಂತೆ ಬರುತ್ತಿದೆ ಎಂದ ಬಾಳಕೃಷ್ಣ. ಫೋನು ಇಟ್ಟ ಮೇಲೆ ತನ್ನ ಮಾತಿಗೆ ತನಗೇ ನಾಚಿಕೆಯಾಯಿತು, ಆದರೆ ಮತ್ತೆ ಫೋನು ಮಾಡಲಿಲ್ಲ.

ಆಮೇಲೆ ಅವನು ಮುಳ್ಳನ್ನೇ ನೋಡುತ್ತ ಕೂತ. ಅದು ಒಂದು ಕೂದಲು ಇಳಿದರೆ ಜೀವ ಬರುತ್ತಿತ್ತು, ಒಂದು ಕೂದಲು ಏರಿದರೆ ಹೋಗುತ್ತಿತ್ತು. ಕಾರಿನಲ್ಲಿ ಯಾರೂ ಮಾತಾಡುತ್ತಿಲ್ಲ ಎನ್ನುವುದು ಅವನಿಗೆ ತಡವಾಗಿ ಹೊಳೆಯಿತು. ತಿರುಗಿ ನೋಡಿದ. ತಾರಾಬಾಯಿ ಕಿಟಕಿಗೆ ತಲೆ ಆನಿಸಿದ್ದಳು. ತುಟಿ ಬಿಳಿಚಿ ಸಿಪ್ಪೆ ಎದ್ದಿತ್ತು. ಅಷ್ಟು ಸೆಕೆಯಲ್ಲಿ ಹಣೆಯ ಮೇಲೆ ಒಂದು ಹನಿ ಬೆವರಿರಲಿಲ್ಲ. ಮುಂಗೈ ಮುಟ್ಟಿದ. ಕಾದ ಹಂಚಿನಂತೆ ಸುಡುತ್ತಿತ್ತು. ಬೆವರು ನಿಂತಿತೆಂದರೆ ಬಿಸಿಲು ಒಳಗೆ ಹೊಕ್ಕಿತೆಂದು ಅರ್ಥ, ಹಾಗಾದಾಗ ತಡಮಾಡಬೇಡಿ ಎಂದು ಅವನೇ ಬೇಸಿಗೆಯುದ್ದಕ್ಕೂ ಅಂಗಡಿಗೆ ಬಂದವರಿಗೆಲ್ಲ ಹೇಳಿ ಹೇಳಿ ಓಆರ್‌ಎಸ್ ಪುಡಿ ಕಟ್ಟಿಕೊಡುತ್ತಿದ್ದ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

"ಅತ್ಯಾ," ಎಂದ. ಆಕೆ ಕಣ್ಣು ತೆರೆದಳು, ಆದರೆ ಮಾತು ಹೊರಡಲಿಲ್ಲ.

ಆಗ ಅವನು ಹೀಟರ್ ಬಂದ್ ಮಾಡಿದ, ಗಾಡಿ ಬಂದ್ ಮಾಡಿದ. ಹಿಂದಿನವರು ಬೈದರೆ ಬೈಯಲಿ ಎಂದು ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡ. ಹೊಲದ ಆಚೆ ತಗಡಿನ ಮನೆಯೊಂದು, ಅದರ ಬದಿಗೆ ಎರಡು ನುಗ್ಗೆಯ ಗಿಡ ಕಂಡವು. ಗಿಡ ಹಸಿರಾಗಿವೆ, ಭಾವಿ ಇದ್ದೀತು. ತಂಬಿಗೆಯೂ ಆಕೆಯದೇ, ಸೇದುವವನೂ ಮನೆಯವನೇ ಎಂದರೆ ಒಂದು ಗುಟುಕಾದರೂ ಕುಡಿದಾಳು. ಇಷ್ಟು ಲೆಕ್ಕ ಹಾಕಿ, ಬರಿಯ ತಂಬಿಗೆ ಹಿಡಿದು ಹೊಲದ ಹೆಂಟೆ ತುಳಿಯುತ್ತ ಓಡಿದ.

ಭಾವಿ ಇರಲಿಲ್ಲ. ಬಾಗಿಲಿಗೆ ಬಂದ ಹೆಂಗಸಿನ ಹೆಸರು ಮೌಲಾಬಿ ಎಂದು ಒಳಗಿನಿಂದ ಯಾರೋ ಕರೆದಾಗ ತಿಳಿಯಿತು. ನಡುವಯಸ್ಸಿನವಳು, ಕೈಗೆ ರೊಟ್ಟಿಯ ಹಿಟ್ಟು ಹತ್ತಿತ್ತು. ಬೋರು ಇತ್ತು, ಆದರೆ ಮುಂಜಾನೆಯಿಂದ ಕರೆಂಟ್ ಇರಲಿಲ್ಲ. ಇದ್ದದ್ದೆಂದರೆ ಪಡಸಾಲೆಯ ಮೂಲೆಯಲ್ಲಿ ಮಣ್ಣಿನ ಹರವಿಯ ನೀರು. ಬಾಳಕೃಷ್ಣ ಗಾಡಿಯಲ್ಲಿ ಮುದುಕಿ ಇದ್ದಾಳೆ, ಜೀವ ಹೋಗುವ ಹಾಗಿದೆ ಎಂದು ಏದುಸಿರಿನಲ್ಲಿ ಹೇಳಿದ. ಆಕೆ ಹಿಟ್ಟಿನ ಕೈ ತೊಳೆದುಕೊಂಡು ತಂಬಿಗೆ ಇಸಿದುಕೊಂಡಳು. ಅದರ ತಿರುಪಿನ ಮುಚ್ಚಳ ನೋಡಿದಳು, ಅವನ ಅಂಗಿಯ ಕೊರಳಲ್ಲಿ ಇಣುಕುತ್ತಿದ್ದ ಜನಿವಾರ ನೋಡಿದಳು.

"ಇದು ಮಡಿ ತಂಬಿಗಿ ಐತಲ್ರಿ," ಎಂದಳು. "ನಮ್ಮವ್ವ ಸಿರಸಂಗ್ಯಾಗ ಆಚಾರ್ರ ಮನಿ ಅಂಗಳಾ ಉಡಗತಿದ್ಳು. ಇಂಥಾದು ನೋಡೇನಿ ನಾ."

ಆಕೆ ಹರವಿಯಿಂದ ತಂಬಿಗೆ ತುಂಬಿದಳು. ನೀರಿನಲ್ಲಿ ಲಾವಂಚದ ಬೇರಿನ ವಾಸನೆ ಇತ್ತು. ಬಿಸಿಲಿಗೆ ತಾಮ್ರ ಕಾಯುತ್ತದೆಂದು ಗೂಟದ ಮೇಲಿದ್ದ ಹಸಿರು ದುಪಟ್ಟಾದಿಂದ ಒಂದು ತುಂಡು ಹರಿದು, ತೋಯಿಸಿ, ತಂಬಿಗೆಯ ಸುತ್ತ ಕಟ್ಟಿದಳು. ಅಂಚಿಗೆ ಬೆಳ್ಳಿ ಬಣ್ಣದ ಜರಿ ಇತ್ತು. ಅವನ ಕೈಗೆ ಕೊಡುವಾಗ ಮಾತ್ರ ಅರೆಗಳಿಗೆ ತಂಬಿಗೆ ಬಿಡಲಿಲ್ಲ.

"ಹೇಳಿ ಕುಡಸ್ರಿ. ಯಾರ ಮನೀದು ಅಂತ ಹೇಳ್ರಿ. ಕುಡದ್ರ ಕುಡೀತಾರ, ಬಿಟ್ರ ಬಿಡತಾರ. ಹೇಳದ ಕುಡಿಸಿದ್ರ ಆ ಪಾಪ ನನಗೂ ಹತ್ತತೈತ್ರಿ."

ಹೂಂ ಎಂದು ಅವನು ಓಡಿದ. ಆ ಹೊಲ ದಾಟುವಷ್ಟರಲ್ಲಿ ಹೇಳಬೇಕು ಎಂದು ಎಷ್ಟು ಸಲ ಅಂದುಕೊಂಡನೋ ಅಷ್ಟೇ ಸಲ ಹೇಳಿದರೆ ಕುಡಿಯುವುದಿಲ್ಲ ಎಂದೂ ಅಂದುಕೊಂಡ. ಗಾಡಿಯ ಹತ್ತಿರ ಬಂದಾಗ ಹಸಿರು ಅರಿವೆಯನ್ನು ಬಿಚ್ಚಿ ಪ್ಯಾಂಟಿನ ಜೇಬಿಗೆ ತುರುಕಿಕೊಂಡ. ಅದನ್ನು ಬಿಚ್ಚುವಾಗಲೇ ಅವನು ಯಾವ ದಾರಿ ಹಿಡಿದನೆಂಬುದು ಗೊತ್ತಾಗಿಹೋಗಿತ್ತು.

ತಾರಾಬಾಯಿ ತಂಬಿಗೆ ತೆಗೆದುಕೊಂಡಳು. ಕುಡಿಯಲಿಲ್ಲ. ಕಿಟಕಿಯಿಂದ ಹೊಲದ ಆಚೆಯ ತಗಡಿನ ಮನೆಯನ್ನು ನೋಡಿದಳು, ನಂತರ ಅವನನ್ನು ನೋಡಿದಳು.

"ಎಲ್ಲೀದು?"

"ಭಾವಿ ಅದ ಅಲ್ಲೆ, ಹೊಲದಾಗ."

"ನೀನ ಸೇದಿದ್ಯಾ?"

"ಹೂಂ, ನಾನ ಸೇದಿದೆ ಅತ್ಯಾ."

ಆಕೆ ಇನ್ನೂ ಸ್ವಲ್ಪ ಹೊತ್ತು ಅವನ ಮುಖ ನೋಡಿದಳು. ಆಮೇಲೆ ತಲೆ ಹಿಂದಕ್ಕೆ ವಾಲಿಸಿ, ತುಟಿಗೆ ತಾಗಿಸದೆ, ಮೇಲಿಂದ ಸಣ್ಣ ಧಾರೆಯಾಗಿ ಬಾಯಿಗೆ ಬಿಟ್ಟುಕೊಂಡಳು. ಗಂಟಲು ಮೇಲೆ ಕೆಳಗೆ ಆಡಿತು. ಅರ್ಧ ತಂಬಿಗೆ ಒಂದೇ ಉಸಿರಿಗೆ ಮುಗಿಯಿತು. ಬಾಳಕೃಷ್ಣ ಉಳಿದದ್ದರಲ್ಲಿ ಪುಡಿ ಕಲಸಿ ಕೊಟ್ಟ. ತನ್ನ ಅಂಗಡಿಯದೇ ಒಂದು ಪೊಟ್ಟಣ ಪಾಕೀಟಿನ ಸಂದಿಯಲ್ಲಿತ್ತು. ಅದನ್ನೂ ಕುಡಿದಳು. ಸ್ವಲ್ಪ ಹೊತ್ತಿಗೆ ಹಣೆಯ ಮೇಲೆ ಬೆವರು ಮೂಡಿತು. ಅದನ್ನು ಕಂಡು ಅವನಿಗೆ ಅಳು ಬಂತು. ಬದುಕಿದಳಲ್ಲ ಎಂಬ ಸಂತೋಷದ ಜೊತೆಗೇ, ಅರವತ್ತು ವರ್ಷ ಕಾಪಾಡಿಕೊಂಡು ಬಂದದ್ದನ್ನು ನಾನು ಒಂದು ಹುಸಿಯಲ್ಲಿ ಹಾಳುಮಾಡಿದೆ ಎಂಬ ಸಂಕಟ. ತಾನು ಯಾವುದನ್ನು ನಂಬುವುದಿಲ್ಲವೋ ಅದನ್ನು ಮುರಿದದ್ದಕ್ಕೆ ಇಷ್ಟು ನೋವಾಗಬಹುದೆಂದು ಅವನು ಎಣಿಸಿರಲಿಲ್ಲ.

ಇಳಿಬಿಸಿಲಿಗೆ ದಾರಿ ತೆರವಾಯಿತು. ಹೊರಡುವ ಮುನ್ನ ಪಂಪಿನ ಕರವಸ್ತ್ರ ಒಣಗಿ ಒರಟಾದದ್ದನ್ನು ಕಂಡು, ಜೇಬಿನಲ್ಲಿದ್ದ ಒದ್ದೆ ದುಪಟ್ಟಾದ ತುಂಡನ್ನು ಅಲ್ಲಿ ಸುತ್ತಿದ. ಅದರಿಂದಲೋ ಏನೋ ಗಾಡಿ ರಾಮದುರ್ಗದತನಕ ಕೆಮ್ಮದೆ ಹೋಯಿತು.

ಮರುದಿನ ಫಿಯಟ್ಟಿಗೆ ಚೆಂಡುಹೂವಿನ ಮಾಲೆ ಹಾಕಿದರು. ವಟುವನ್ನು ಕೂಡಿಸಿ ಮೆರೆಸಿದರು, ಎಲ್ಲರೂ ಗಾಡಿಯನ್ನು ಹೊಗಳಿದರು. ಬಾಳಕೃಷ್ಣ ನಗುತ್ತ ಓಡಿಸಿದ, ಆದರೆ ಯಾವ ಹೊಗಳಿಕೆಯೂ ಮೈಗೆ ಹತ್ತಲಿಲ್ಲ. ಪಂಕ್ತಿಯಲ್ಲಿ ಅತ್ಯಾ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ದೇವರ ಮನೆಯಲ್ಲಿ ಜಪಮಣಿ ಹಿಡಿದು ಕೂತಿದ್ದಳು. ಉಪವಾಸವಂತೆ. ಇವತ್ತು ಯಾವ ಉಪವಾಸ ಎಂದು ತಂಗಿ ಕೇಳಿದರೆ, ಸುಮ್ಮನೆ ಹೊಟ್ಟೆಗೆ ರಜಾ ಕೊಟ್ಟಿದ್ದೇನೆ ಎಂದು ನಗೆಯಾಡಿದಳಂತೆ. ಬೆಳಿಗ್ಗೆ ಪಂಚಗವ್ಯ ತೆಗೆದುಕೊಂಡಳೆಂದು ಉಮಾಶ್ರೀ ಹೇಳಿದಳು. ಪ್ರವಾಸದ ಮೈಲಿಗೆಗೆ ಯಾವಾಗಲೂ ತೆಗೆದುಕೊಳ್ಳುತ್ತಾರಲ್ಲ ಎಂದೂ ಸೇರಿಸಿದಳು. ಯಾವಾಗಲೂ ತೆಗೆದುಕೊಳ್ಳುತ್ತಿದ್ದಳೋ ಇಲ್ಲವೋ ಬಾಳಕೃಷ್ಣನಿಗೆ ನೆನಪಾಗಲಿಲ್ಲ. ಅವನ ಎಲೆಯಲ್ಲಿ ಬುಂದಿ ಲಾಡು ಹಾಗೇ ಉಳಿಯಿತು. ಗೊತ್ತಿದ್ದರೆ ಏಕೆ ಬೈಯುತ್ತಿಲ್ಲ? ಗೊತ್ತಿಲ್ಲದಿದ್ದರೆ ಈಗ ಹೇಳಿ ಆಕೆಯ ನೆಮ್ಮದಿ ಕೆಡಿಸಲೇ? ಆ ಮೌಲಾಬಿಗೆ ಕೊಟ್ಟ ಮಾತೇನು? ಕುಂಬಳಕಾಯಿ ಕಳ್ಳನ ಹಾಗೆ, ಅತ್ಯಾ ಯಾರ ಜೊತೆ ಏನು ಮಾತಾಡಿದರೂ ಅವನು ಹೆಗಲು ಮುಟ್ಟಿ ನೋಡಿಕೊಳ್ಳುವಂತಾಯಿತು.

ಹುಣ್ಣಿಮೆ ಕಳೆದು ಜನ ಇಳಿದ ಮೇಲೆ ಊರಿಗೆ ಹೊರಟರು. ಅಷ್ಟರಲ್ಲಿ ಅಲ್ಲಿಯ ಗ್ಯಾರೇಜಿನವನು ರೇಡಿಯೇಟರ್ ತೊಳೆದು ಕೊಟ್ಟಿದ್ದ. ಕೌಶಿಕ ಅಜ್ಜಿಗಾಗಿ ತನ್ನ ಕಾರಿನ ಬಾಗಿಲು ತೆರೆದು ನಿಂತ. ಬಾಳಕೃಷ್ಣನೂ ಹೋಗು ಅತ್ಯಾ ಎಂದ. ಮನಸ್ಸಿನಿಂದಲೇ ಅಂದ. ಆಕೆ ಕೇಳಿಸಿಕೊಳ್ಳದವಳಂತೆ ಬಂದು ಫಿಯಟ್ಟಿನ ಮುಂದಿನ ಸೀಟಿನಲ್ಲಿ ಕೂತಳು. ತಂಗಿಯ ಮನೆಯ ಭಾವಿಯಿಂದ ತಾನೇ ಸೇದಿದ ಮಡಿನೀರಿನ ತಂಬಿಗೆ, ಧಾಬಳಿ ಸುತ್ತಿಕೊಂಡು, ಬಾಗಿಲ ಕಡೆಗೆ ಕೂತಿತು.

ಸವದತ್ತಿ ಹತ್ತಿರವಾದಂತೆ ಬಾಳಕೃಷ್ಣನ ಕಾಲು ತಾನಾಗಿಯೇ ವೇಗ ಹೆಚ್ಚಿಸಿತು. ಆ ಹೊಲ, ಆ ನುಗ್ಗೆಯ ಗಿಡಗಳು ಕಂಡದ್ದೇ, "ಇಲ್ಲೆ ನಿಲ್ಲಸು," ಎಂದಳು ತಾರಾಬಾಯಿ.

ಅವನು ನಿಲ್ಲಿಸಿದ. ಆಕೆ ಕೈಚೀಲದಿಂದ ಒಂದು ಅರಿವೆ ತೆಗೆದಳು. ಒಗೆದು, ಆರಿಸಿ, ನಾಲ್ಕು ಮಡಿಕೆ ಮಾಡಿದ ಹಸಿರು ದುಪಟ್ಟಾದ ತುಂಡು. ಬೆಳ್ಳಿ ಜರಿಯ ಮೇಲೆ ಎಣ್ಣೆಯ ಕಲೆಯೊಂದು ಎಷ್ಟು ತಿಕ್ಕಿದರೂ ಹೋಗದೆ ಉಳಿದಿತ್ತು. ಗಾಡಿಗೆ ಮಾಲೆ ಹಾಕಲು ಬಾನೆಟ್ ಎತ್ತಿದ್ದಾಗ ಆಕೆ ಪಕ್ಕದಲ್ಲಿಯೇ ನಿಂತಿದ್ದದ್ದು ಈಗ ಅವನಿಗೆ ನೆನಪಾಯಿತು.

"ಅವತ್ತ ನಾ ಕೇಳಿದ್ನಲ್ಲೋ ನಿನ್ನ," ಎಂದಳು ಆಕೆ, ಸಿಟ್ಟಿಲ್ಲದೆ. "ಹೇಳಿದ್ರೂ ಕುಡೀತಿದ್ದೆ, ಬಾಳ್ಯಾ. ಸಾಯಲಿಕ್ಕೆ ನನಗೇನು ಹೌಸಿ ಇತ್ತೇನು?"

ಬಾಗಿಲು ತೆರೆದು ತಾನೇ ಇಳಿದು, ಹೊಲದ ಬದುವಿನ ಮೇಲೆ ನಡೆಯತೊಡಗಿದಳು. ಅವನು ಹಿಂದಿನಿಂದ ಹೋದ. ಕೈ ಹಿಡಿಯಲು ಧೈರ್ಯವಾಗಲಿಲ್ಲ.

ಮೌಲಾಬಿ ಅಂಗಳದಲ್ಲಿ ಶೇಂಗಾ ಹಸನು ಮಾಡುತ್ತಿದ್ದವಳು ಇವರನ್ನು ಕಂಡು ಮೊರ ಕೆಳಗಿಟ್ಟಳು. ಮೊದಲು ಮುದುಕಿಯನ್ನು ನೋಡಿದಳು, ನಂತರ ಅವನನ್ನು. ಏನು ಕೇಳಬೇಕೆಂದಿದ್ದಾಳೆಂದು ಅವನಿಗೆ ತಿಳಿಯಿತು. ತಲೆ ತಗ್ಗಿಸಿ ನಿಂತ. ಈಗ ಹೇಳಿಬಿಡಬೇಕು, ಇಬ್ಬರೂ ಇದ್ದಾರೆ, ಹೇಳಿ ಕೈಮುಗಿಯಬೇಕು ಎಂದುಕೊಂಡು ಬಾಯಿ ತೆರೆದ.

"ಹೇಳಿ ಕುಡಿಸಿದ್ರಿಲ್ರಿ?" ಎಂದಳು ಮೌಲಾಬಿ.

ಅವನಿಗಿಂತ ಮೊದಲು ತಾರಾಬಾಯಿಯ ಮಾತು ಬಂತು. "ಹೇಳಿದಾ. ಎಲ್ಲಾ ಹೇಳೇ ಕುಡಿಸಿದಾ ನಮ್ಮ ಹುಡುಗ. ನಿನ್ನ ಹೆಸರೂ ಹೇಳಿದಾ. ಜೀವಾ ಉಳಿಸಿದಿ ನೋಡವಾ."

ಮೌಲಾಬಿಯ ಮುಖ ಅರಳಿತು. ಮೂರು ದಿನದಿಂದ ಅದೇ ಚಿಂತೆಯಾಗಿತ್ತು ಎಂದು ಎದೆಯ ಮೇಲೆ ಕೈ ಇಟ್ಟುಕೊಂಡಳು. ದುಪಟ್ಟಾದ ತುಂಡನ್ನು ಒಗೆದು ತಂದದ್ದಕ್ಕೆ ನಕ್ಕಳು. ಬಿಸಿಲಾಗ ನಡೆದು ಬಂದೀರಿ, ತಡೀರಿ ಎನ್ನುತ್ತ ಒಳಗೆ ಹೋಗಿ ಹರವಿಯಿಂದ ಹಿತ್ತಾಳೆಯ ಚೆರಿಗೆಯಲ್ಲಿ ನೀರು ತಂದಳು. ತಂದ ಮೇಲೆ ಹೊಸ್ತಿಲಲ್ಲಿ ಒಂದು ಗಳಿಗೆ ತಡೆದಳು. ಅಂದು ಜೀವ ಹೋಗುತ್ತಿತ್ತು, ಇಂದು ಅಂಥದೇನೂ ಇರಲಿಲ್ಲ.

ಬಾಳಕೃಷ್ಣ ಬೇಡ ಎನ್ನಲು ಹೊರಟ. ಬೇಡವೆಂದರೆ ಅಂದು ಹೇಳಿ ಕುಡಿಸಿದೆನೆಂಬ ಮಾತು ಉಳಿಯುವುದಿಲ್ಲ. ತಾರಾಬಾಯಿ ಅವನ ಕಡೆ ನೋಡಲಿಲ್ಲ. ಅಂಗಳದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಎರಡೂ ಕೈ ಜೋಡಿಸಿ ಬೊಗಸೆ ಮಾಡಿ ಬಾಯಿಯ ಹತ್ತಿರ ತಂದಳು.

"ಹಾಕವಾ," ಎಂದಳು.

ಮೌಲಾಬಿ ಬಾಗಿ ನೀರು ಹೊಯ್ದಳು. ತಾರಾಬಾಯಿ ಕಣ್ಣು ಮುಚ್ಚಿ ಕುಡಿದಳು. ಬೊಗಸೆಯ ಸಂದಿಯಿಂದ ಸೋರಿದ ನೀರು ಮೊಳಕೈಗುಂಟ ಇಳಿದು ಸೀರೆ ತೋಯಿಸಿತು. ಬಾಳಕೃಷ್ಣ ಬೇರೆಲ್ಲಾದರೂ ನೋಡಬೇಕೆಂದುಕೊಂಡ, ಆಗಲಿಲ್ಲ. ತನ್ನ ಅಂದಿನ ಸುಳ್ಳನ್ನು ಆಕೆ ಗುಟುಕು ಗುಟುಕಾಗಿ ಕುಡಿಯುತ್ತಿರುವುದನ್ನು ಕೊನೆಯತನಕ ನಿಂತು ನೋಡಿದ.

ಗಾಡಿಗೆ ಮರಳಿದ ಮೇಲೆ ಅವನು "ಅತ್ಯಾ, ನಾ..." ಎಂದ.

"ಗಾಡಿ ಚಾಲೂ ಮಾಡು," ಎಂದಳು. "ಬಿಸಲು ಏರಲಿಕ್ಕೆ ಹತ್ತೇದ."

ಸವದತ್ತಿಯ ಪೇಟೆಯಲ್ಲಿ ಮತ್ತೆ ವಾಹನಗಳು ಒತ್ತಿದವು. ರೇಡಿಯೇಟರ್ ತೊಳೆಸಿದ್ದರೂ ಮುಳ್ಳು ಏರತೊಡಗಿತು. ಬಾಳಕೃಷ್ಣನ ಕೈ ಹೀಟರಿನ ಕಡೆ ಹೋಗಿ, ನಡುವೆಯೇ ನಿಂತು, ಸ್ಟೇರಿಂಗಿಗೆ ಮರಳಿತು. ತಾರಾಬಾಯಿ ಅದನ್ನು ನೋಡಿದಳು. ಮುಂದೆ ಬಾಗಿ ಗುಂಡಿಯನ್ನು ತಾನೇ ಹೊರಗೆಳೆದಳು. ಬಿಸಿಗಾಳಿ ಆಕೆಯ ಒದ್ದೆ ಸೀರೆಯ ಮೇಲೆ ಊದತೊಡಗಿತು. ಆಮೇಲೆ ಮಗ್ಗುಲಲ್ಲಿದ್ದ ತಂಬಿಗೆಯ ಧಾಬಳಿ ಬಿಚ್ಚಿ ಮಡಿಸಿ ಚೀಲದಲ್ಲಿ ಹಾಕಿದಳು. ತಂಬಿಗೆಯನ್ನು ಎತ್ತಿ ಇಬ್ಬರ ನಡುವೆ ಸೀಟಿನ ಮೇಲೆ ಇಟ್ಟಳು. ಬೈಲಹೊಂಗಲದತನಕ ದಾರಿ ಹೊರಳಿದಾಗೆಲ್ಲ ಅದು ಅವನ ತೊಡೆಗೆ ಬಂದು ತಾಕುತ್ತಿತ್ತು. ಆಕೆ ಸರಿಸಿಕೊಳ್ಳಲಿಲ್ಲ.